ಹಾಲಿನಲ್ಲಿ ತೊಳೆದ ಸಕ್ಕರೆ

ಹುಚ್ಚರಾಯಪ್ಪ ಟೆಸ್ಟ್ ಟ್ಯೂಬು ತೊಳೆದಾದ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಮ್ಮೆ ತಟ್ಟುತ್ತಿದ್ದ. ನಾದ ಉದ್ದಕ್ಕೆ ಹೋದರೆ ಗಾಜು ಗಟ್ಟಿ. ಮೊಟಕಾದರೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಎಂದರ್ಥ. ಅಂಥದನ್ನು ಪಕ್ಕಕ್ಕೆ ಇಡುತ್ತಿದ್ದ. ಶಿಕಾರಿಪುರದ ಕಾಲೇಜೊಂದರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದ ಅವನ ಕೈಯಿಂದ ಬಿದ್ದು ಒಡೆದ ಗಾಜನ್ನು ಬೆರಳಲ್ಲಿ ಎಣಿಸಬಹುದಿತ್ತು. ಟ್ಯೂಬಿನ ಬಾಯಿಗೆ ಹತ್ತಿ ಹೊಸೆದು ಅವನು ಮಾಡುತ್ತಿದ್ದ ಬಿರಡೆಯನ್ನು ಎಳೆದರೆ ಟಪ್ಪೆಂದು ಸದ್ದಾಗಬೇಕು. ಆಗದಿದ್ದರೆ ಬಿಚ್ಚಿ ಮತ್ತೆ ಹೊಸೆಯುತ್ತಿದ್ದ.

ಅವನು ಓದಿದ್ದು ಏಳನೇ ತರಗತಿ. ಆದರೆ ಯೀಸ್ಟ್ ಎಂದರೆ ಏನೆಂದು ಆ ಕಾಲೇಜಿನಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರು ಬಹುಕಾಲ ಯಾರೂ ಇರಲಿಲ್ಲ. ವರ್ಷಕ್ಕೊಮ್ಮೆ ಹೊಸ ಹುಡುಗರಿಗೆ ಯೀಸ್ಟಿನ ಪ್ರಾಕ್ಟಿಕಲ್ ಇರುತ್ತಿತ್ತು. ಬಸ್ ಸ್ಟ್ಯಾಂಡ್ ಎದುರಿನ ವೀರೇಶನ ಬೇಕರಿಯಿಂದ ಎರಡು ಚಮಚ ಯೀಸ್ಟ್ ತಂದು, ಉಗುರುಬೆಚ್ಚಗಿನ ನೀರಿಗೆ ಅಡುಗೆಮನೆಯ ಸಕ್ಕರೆ ಹಾಕಿ ಕದಡಿ, ಬಾಟಲಿಯ ಬಾಯಿಗೆ ಬಲೂನು ಕಟ್ಟುತ್ತಿದ್ದ. ಅರ್ಧ ಗಂಟೆಯೊಳಗೆ ಬಲೂನು ಎದ್ದು ನಿಲ್ಲುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅದು ಮಲಗಿರಲಿಲ್ಲ.

"ನಿಮ್ಮ ಕಾಲೇಜಿನೋರು ಬಲೂನ್ ಊದಾಕೂ ಸೈನ್ಸ್ ಓದ್ತಾರಲ್ಲೋ ಮಾರಾಯ," ಎಂದು ವೀರೇಶ ಪ್ರತಿ ವರ್ಷ ತಪ್ಪದೆ ಅಣಕಿಸುತ್ತಿದ್ದ. "ಬಾಯಾಗೆ ಉಸಿರಿಲ್ಲೇನು?"

"ನಿನ್ನ ಬನ್ನು ಉಬ್ಬೋದೂ ಅದೇ ಸೈನ್ಸಿನಾಗೇ ಐತಿ, ಮುಚ್ಕೊಂಡು ಕೊಡು," ಎಂದು ಹುಚ್ಚರಾಯಪ್ಪನೂ ತಪ್ಪದೆ ಹೇಳುತ್ತಿದ್ದ.

ನರ್ಮದಾ ಮೇಡಂ ಬಂದದ್ದು ಹನ್ನೊಂದು ವರ್ಷದ ಹಿಂದೆ. ಸೊರಬದಲ್ಲಿ ಮನೆ. ದಿನವೂ ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿನಲ್ಲಿ ಓಡಾಟ. ಕೆಲಸಕ್ಕೆ ಸೇರಿದ ಮೊದಲ ದಿನ ಅವರ ಕೈಯಲ್ಲಿ ಊಟದ ಡಬ್ಬಿಯ ಬದಲು ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್ ಇತ್ತು. ಕಾಫಿ ಇರಬೇಕೆಂದು ಹುಚ್ಚರಾಯಪ್ಪ ಲೋಟ ತರಲು ಹೊರಟ. ಮೇಡಂ ಮುಚ್ಚಳ ತೆಗೆದರೆ ಒಳಗೆ ಮಂಜುಗಡ್ಡೆಯ ಚೂರು, ಅದರ ನಡುವೆ ನಾಲ್ಕು ಪುಟ್ಟ ಟ್ಯೂಬು. ಪ್ರತಿಯೊಂದರಲ್ಲೂ ಓರೆಯಾಗಿ ಹೆಪ್ಪುಗಟ್ಟಿದ ಅಗರ್ ಎಂಬ ಲೋಳೆ, ಅದರ ಮೇಲೆ ಕೆನೆಬಣ್ಣದ ಒಂದು ಯೀಸ್ಟಿನ ಗೆರೆ.

"ಇವಕ್ಕೆ ಫ್ರಿಜ್‌ನಲ್ಲಿ ಒಂದು ಮೂಲೆ ಕೊಡ್ತೀರಾ?" ಎಂದು ಕೇಳಿದರು. ಕೊಡಿ ಎನ್ನಲಿಲ್ಲ, ಕೊಡ್ತೀರಾ ಎಂದರು. ಅಷ್ಟಕ್ಕೇ ಹುಚ್ಚರಾಯಪ್ಪ ಅವರ ಕಡೆಯವನಾದ.

ಆ ಯೀಸ್ಟ್ ಬೇಕರಿಯದಲ್ಲ. ಮೇಡಮ್ಮಿನ ತವರಿನ ಹಿತ್ತಲಲ್ಲಿ ಮಾಗಿ ಬಿದ್ದ ಹಲಸಿನ ಹಣ್ಣಿನಿಂದ ತೆಗೆದದ್ದು. ಧಾರವಾಡದಲ್ಲಿ ಡಾಕ್ಟರೇಟಿಗೆ ಓದುವಾಗ ಅದಕ್ಕೆ ನೇರಳಾತೀತ ಬೆಳಕಿನ ಏಟು ಕೊಟ್ಟು, ಸಾವಿರಾರು ತಟ್ಟೆಗಳಲ್ಲಿ ಬೆಳೆಸಿ, ಎರಡು ವರ್ಷ ಹುಡುಕಿ, ಒಳಗಿನ ಒಂದು ಕಿಣ್ವ ಕಳೆದುಕೊಂಡ ಒಂದೇ ಒಂದನ್ನು ಆರಿಸಿದ್ದರು. ಅಷ್ಟರಲ್ಲಿ ಗೈಡ್ ತೀರಿಕೊಂಡರು. ಇನ್ನೊಬ್ಬ ಗೈಡ್ ಸಿಗಲಿಲ್ಲ. ಮದುವೆಯಾಯಿತು. ಪ್ರಬಂಧ ಅರ್ಧಕ್ಕೇ ನಿಂತಿತು. ಅಲ್ಲಿನ ಪ್ರಯೋಗಾಲಯದವರು ಹಳೆಯ ಫ್ರಿಜ್ ಖಾಲಿ ಮಾಡಿದಾಗ ಉಳಿದದ್ದು ಫ್ಲಾಸ್ಕಿನಲ್ಲಿ ಬಂದ ಈ ನಾಲ್ಕು ಟ್ಯೂಬು ಮಾತ್ರ. ಅವುಗಳ ಮೇಲೆ ಮೇಡಂ ತಮ್ಮ ಕೈಬರಹದಲ್ಲಿ 'ಹಲಸು-17' ಎಂದು ಚೀಟಿ ಅಂಟಿಸಿದ್ದರು.

"ಕಿಣ್ವ ಅಂದ್ರೇನ್ರಿ ಮೇಡಂ?" ಎಂದು ಹುಚ್ಚರಾಯಪ್ಪ ಕೇಳಿದ್ದ.

"ಒಳಗೆ ಕೆಲಸ ಮಾಡೋ ಆಳು ಅಂತ ಇಟ್ಕೊಳ್ಳಿ. ಸಕ್ಕರೆ ಉಸ್ತುವಾರಿ ನೋಡೋ ಆಳು. ಇದರಲ್ಲಿ ಆ ಆಳು ಇಲ್ಲ. ಬಡಪಾಯಿ."

ಉಸ್ತುವಾರಿಯಿಲ್ಲದ ಮನೆ ಹೇಗಿರುತ್ತದೆಂದು ಹುಚ್ಚರಾಯಪ್ಪನಿಗೆ ಗೊತ್ತಿತ್ತು. ಅಂಥದನ್ನು ಬಾಣಂತಿಯ ಹಾಗೆ ನೋಡಿಕೊಳ್ಳಬೇಕು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡ. ತಿಂಗಳಿಗೊಮ್ಮೆ ಹಳೆಯ ಟ್ಯೂಬಿನಿಂದ ಹೊಸದಕ್ಕೆ ಅದನ್ನು ದಾಟಿಸಬೇಕು, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಅಗರ್ ಬೇಯಿಸಿ ಗ್ಲೂಕೋಸ್ ಬೆರೆಸುವುದನ್ನು ಮೇಡಂ ತಾವೇ ಮಾಡುತ್ತಿದ್ದರು. ತಂತಿಯ ತುದಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಹಳೆಯದನ್ನು ಮುಟ್ಟಿ ಹೊಸದರ ಮೇಲೆ ಗೆರೆ ಎಳೆಯುವ ಕೆಲಸ ಮಾತ್ರ ಎರಡೇ ವರ್ಷದಲ್ಲಿ ಇವನಿಗೆ ಬಂತು. ಇವನ ಗೆರೆಯೇ ಹೆಚ್ಚು ನೇರ ಎಂದು ಮೇಡಂ ಒಪ್ಪಿಕೊಂಡ ದಿನ ಅವನು ಮನೆಗೆ ಹೋಗಿ ಹಾಲಮ್ಮನ ಮುಂದೆ ಎರಡು ಸಲ ಹೇಳಿದ್ದ.

ಹಾಲಮ್ಮ ಅವನ ಹೆಂಡತಿ. ಸಂಕ್ರಾಂತಿ ಬಂತೆಂದರೆ ಅವರ ಓಣಿಗೆಲ್ಲ ಸಕ್ಕರೆ ಅಚ್ಚು ಅವಳ ಕೈಯದೇ. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದು ಸೌಟು ಹಾಲು ಬಿಡುವಳು. ಹಾಲು ಒಡೆದು ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತಿತ್ತು. ಅದನ್ನು ಬಟ್ಟೆಯಲ್ಲಿ ಸೋಸುವಳು. ಮತ್ತೆ ಕುದಿಸುವಳು, ಮತ್ತೆ ಹಾಲು, ಮತ್ತೆ ಸೋಸುವಳು. ಮೂರು ಸಲ. ಆಮೇಲೆಯೇ ಪಾಕವನ್ನು ಮರದ ಅಚ್ಚಿಗೆ ಹೊಯ್ಯುವುದು. ಗಿಳಿ, ಬಸವ, ಕಳಸ ಎಲ್ಲ ಬೆಳದಿಂಗಳ ಬಿಳುಪಿಗೆ ಬರುತ್ತಿದ್ದವು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಯಿದ್ದ ಹಾಲಮ್ಮ ಅದರಲ್ಲಿ ಒಂದು ಹರಳನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಪಾಕದ ಹದವನ್ನು ಬೆರಳಿನಿಂದಲೇ ತಿಳಿಯುತ್ತಿದ್ದಳು.

ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ಹಾಲಮ್ಮ ಸೊರಗಿ ಹಾಸಿಗೆ ಹಿಡಿದಳು. ಕಾಲಿನ ಗಾಯ ಮಾಗಲಿಲ್ಲ. ರಕ್ತದ ತುಂಬ ಸಕ್ಕರೆ, ಆದರೆ ಮೈಗೆ ಅದು ದಕ್ಕುತ್ತಿಲ್ಲ ಎಂದರು ಡಾಕ್ಟರು. ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ, "ಜೀವ ಎಲ್ಲಾ ಸೋತು ಹೋಗೇತ್ರೀ," ಎಂದು ಅವಳು ಗೋಡೆಗೆ ಒರಗಿದಳು. ಸೋತವರಿಗೆ ಊರಲ್ಲಿ ಎಲ್ಲರೂ ಏನು ಕೊಡುತ್ತಾರೋ ಅದನ್ನೇ ಹುಚ್ಚರಾಯಪ್ಪ ಕೊಟ್ಟ. ಮೆಡಿಕಲ್ ಶಾಪಿಗೆ ಓಡಿ, ಗ್ಲೂಕೋಸಿನ ಡಬ್ಬಿ ತಂದು, ಒಂದು ಲೋಟ ನೀರಿಗೆ ಮೂರು ಚಮಚ ಕದಡಿ ಕುಡಿಸಿದ. ಅವಳಿಗೂ ಆ ಹೊತ್ತಿಗೆ ಬೇಡವೆನ್ನುವ ಎಚ್ಚರ ಇರಲಿಲ್ಲ. ಸಂಜೆಗೆ ಅವಳು ಮಾತು ನಿಲ್ಲಿಸಿದಳು. ಮೂರನೆಯ ದಿನ ಹೋದಳು.

ಆ ಲೋಟದ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಮಗಳು ಚೈತ್ರಶ್ರೀಗೂ ಇಲ್ಲ. ಡಬ್ಬಿಯನ್ನು ಮಾತ್ರ ಕೆರೆಯ ಏರಿಯ ಆಚೆಗೆ ಹೋಗಿ ಎಸೆದು ಬಂದ. ಅವಳು ಕೊನೆಯ ಸಂಕ್ರಾಂತಿಗೆ ಹೊಯ್ದ ಅಚ್ಚುಗಳಲ್ಲಿ ಆರು ಉಳಿದಿದ್ದವು. ಅವನ್ನು ಗಾಜಿನ ಭರಣಿಯಲ್ಲಿ ಹಾಕಿ, ಇರುವೆ ಬಾರದ ಹಾಗೆ ಬಾಯಿಗೆ ಬಟ್ಟೆ ಬಿಗಿದು, ದೇವರ ಗೂಡಿನ ಪಕ್ಕ ಇಟ್ಟ.

ಮುಂದಿನ ವರ್ಷದ ಜನವರಿ ಕೊನೆಯಲ್ಲಿ ನರ್ಮದಾ ಮೇಡಮ್ಮಿನ ಯಜಮಾನರು ಮಹಾಬಲ ಜ್ವರದಿಂದ ಮಲಗಿದರು. ಅವರು ಸರ್ವೆಯರ್. ಕ್ಯಾಸನೂರಿನ ಕಾಡಂಚಿನಲ್ಲಿ ವಾರಗಟ್ಟಲೆ ಅಳತೆಯ ಕೆಲಸ ಮಾಡಿದ್ದರು, ಉಣುಗು ಕಚ್ಚಿತ್ತು. ಮಂಗನ ಕಾಯಿಲೆ ಎಂದು ತಿಳಿಯುವಷ್ಟರಲ್ಲಿ ತಡವಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಬಂದ ನೆಂಟರೆಲ್ಲ ದಿನವೂ, "ಇವತ್ತು ಮುಖದಲ್ಲಿ ಕಳೆ ಇದೆ, ನಾಳೆ ಎದ್ದು ಕೂರ್ತಾನೆ," ಎನ್ನುತ್ತಿದ್ದರಂತೆ. ಹತ್ತನೆಯ ದಿನ ಮುಗಿಯಿತು. ಮಕ್ಕಳಿರಲಿಲ್ಲ.

ಹುಚ್ಚರಾಯಪ್ಪ ಸೊರಬಕ್ಕೆ ಹೋಗಿ, ಅಂಗಳದಲ್ಲಿ ಗಂಡಸರ ಜೊತೆ ಕೂತು ಬಂದ. ಮರುವಾರ ಫ್ರಿಜ್ ತೆರೆದರೆ ನಾಲ್ಕು ಟ್ಯೂಬಿನ ಗೆರೆಗಳೂ ಹಳದಿಗೆ ತಿರುಗಿದ್ದವು. ದಾಟಿಸುವ ದಿನ ಮೀರಿತ್ತು. ಮೇಡಂ ಎರಡು ತಿಂಗಳ ರಜೆಯಲ್ಲಿದ್ದರು. ಹನ್ನೆರಡು ದಿನ ಆಗದ ಮನೆಗೆ ಫೋನು ಮಾಡಿ ಯೀಸ್ಟಿನ ಮಾತು ಎತ್ತುವುದು ಹೇಗೆ? ಈ ಸಲ ತಾನೇ ಎಲ್ಲ ಮಾಡುವುದೆಂದುಕೊಂಡ. ಅಗರ್ ಇತ್ತು, ಬೇರೆ ಪುಡಿಗಳಿದ್ದವು. ಗ್ಲೂಕೋಸಿನ ಬಾಟಲಿ ಮಾತ್ರ ತಳ ಕಂಡಿತ್ತು. ಹೊಸದು ಏಪ್ರಿಲಿಗೆ ಮುಂಚೆ ಬರುವುದಿಲ್ಲ ಎಂದರು ಆಫೀಸಿನವರು.

ಅವನು ಮೆಡಿಕಲ್ ಶಾಪಿನ ತನಕ ಹೋದ. ಅದೇ ಅಂಗಡಿ, ಅದೇ ಅಟ್ಟಣೆ, ಅದೇ ಡಬ್ಬಿ.

"ಏನ್ ಕೊಡ್ಲಿ ಹುಚ್ಚರಾಯಣ್ಣ?" ಎಂದ ಅಂಗಡಿಯವನು.

"ಏನಿಲ್ಲ ತಗಳಪ್ಪ," ಎಂದು ಹಿಂದಿರುಗಿದ.

ಅಂದು ಮನೆಗೆ ಹೋಗಿ ಭರಣಿಯ ಬಟ್ಟೆ ಬಿಚ್ಚಿದ. ಬಲೂನು ಉಬ್ಬಿಸುವುದು ಅಂಗಡಿಯ ಸಕ್ಕರೆ. ಅದೇ ಅಷ್ಟು ಕೆಲಸ ಮಾಡುವಾಗ, ಮೂರು ಸಲ ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಎಷ್ಟು ಮಾಡಬೇಡ? ಸೀಸೆಯ ಆಸ್ಪತ್ರೆ ಪುಡಿಗಿಂತ ಇದು ಸಾವಿರ ಪಾಲು ಮೇಲು. ಆರರಲ್ಲಿ ಐದು ಅಚ್ಚನ್ನು ತೆಗೆದು, ಎರಡು ಬಸವ, ಎರಡು ಕಳಸ, ಒಂದು ಗಿಳಿ, ಒರಳಿನಲ್ಲಿ ಕುಟ್ಟಿದ. ಕುಟ್ಟುವಾಗ ಕಣ್ಣಲ್ಲಿ ನೀರು ಬಂತು. ಆದರೂ ಒಳಗೆಲ್ಲೋ ಒಂದು ಸಮಾಧಾನ. ಹಾಲಮ್ಮನ ಕೈ ಮೇಡಮ್ಮಿನ ಕೆಲಸಕ್ಕೆ ಬಂತಲ್ಲ ಎಂದು. ಒಂದು ಗಿಳಿ ಉಳಿಸಿಕೊಂಡ.

ಮರುದಿನ ನಾಲ್ಕು ಹೊಸ ಟ್ಯೂಬಿನ ಮೇಲೆ ನೇರವಾಗಿ ಗೆರೆ ಎಳೆದ. ಪರೀಕ್ಷೆಯ ಕಾಲ, ಟ್ಯೂಬುಗಳ ಅಭಾವ. ಇನ್ನೊಬ್ಬ ಲೆಕ್ಚರರ್ ಅವಸರ ಮಾಡಿದ್ದರಿಂದ ಹಳೆಯ ನಾಲ್ಕನ್ನೂ ಅವತ್ತೇ ಕುದಿಸಿ ತೊಳೆದ. ಹೊಸದರಲ್ಲಿ ಬೆಳೆದದ್ದು ಕಾಣುವ ತನಕ ಯಾವಾಗಲೂ ಮೂರು ದಿನ ಕಾಯುತ್ತಿದ್ದವನು ಆ ಒಂದು ಸಲ ಕಾಯಲಿಲ್ಲ.

ಮೂರನೆಯ ದಿನ ನೋಡಿದ, ಏನೂ ಇರಲಿಲ್ಲ. ಐದನೆಯ ದಿನ ಏನೂ ಇರಲಿಲ್ಲ. ಅಗರ್ ತೊಳೆದಿಟ್ಟ ಕಲ್ಲಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಇಪ್ಪತ್ತನೆಯ ದಿನ ಅವನು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಸಣ್ಣ ಮಾಡಿ, ತಾನು ಎಳೆದ ಗೆರೆಯ ಗುರುತಿಗಾಗಿ ಹುಡುಕಿದ. ತಂತಿ ಗೀರಿದ ಸಣ್ಣ ಗಾಯದಷ್ಟೇ ಕಂಡಿತು. ತನ್ನ ಕೈಯಲ್ಲಿ ಏನಾಯಿತೆಂದು ಅವನಿಗೆ ಅರ್ಥವಾಗಲಿಲ್ಲ. ಸತ್ತದ್ದು ಮಾತ್ರ ಅರ್ಥವಾಯಿತು.

ಏಪ್ರಿಲಿನಲ್ಲಿ ಮೇಡಂ ಬಂದರು. ಕುಂಕುಮವಿಲ್ಲದ ಹಣೆ, ಇಳಿದು ಹೋದ ಭುಜ. ಸ್ಟಾಫ್ ರೂಮಿಗೂ ಹೋಗದೆ ನೇರ ಪ್ರಯೋಗಾಲಯಕ್ಕೆ ಬಂದು ಬಾಗಿಲಲ್ಲೇ ನಿಂತರು.

"ಹುಚ್ಚರಾಯಪ್ಪ, ಅವು ಇದಾವಾ?"

ಆ ಒಂದು ಮಾತಿನಲ್ಲಿ ಎಷ್ಟು ಭಯ ಇತ್ತೆಂದರೆ, ಅವನ ನಾಲಿಗೆ ತಾನಾಗಿ ಹೊರಳಿತು. "ಚೆನ್ನಾಗಿ ಅದಾವ್ರಿ ಮೇಡಂ. ಮೊನ್ನೆ ದಾಟ್ಸೀನಿ. ಇನ್ನೊಂದೆರಡು ದಿನ ಬೆಳೀಲಿ, ತೋರಿಸ್ತೀನ್ರಿ."

"ಸದ್ಯ," ಎಂದು ಅವರು ಸ್ಟೂಲಿನ ಮೇಲೆ ಕೂತರು. "ಅದೊಂದಾದರೂ ಇದೆ."

ಆ ಸಂಜೆ ಅವನು ವೀರೇಶನ ಬೇಕರಿಗೆ ಹೋದ. "ಇದೇನೋ, ಪ್ರಾಕ್ಟಿಕಲ್ ಇನ್ನೂ ಎಲ್ಲೈತಿ?" ಎಂದ ವೀರೇಶ. ಹುಚ್ಚರಾಯಪ್ಪ ಎರಡು ಚಮಚ ಯೀಸ್ಟ್ ಕಟ್ಟಿಸಿಕೊಂಡು ಬಂದ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲು ತೆಗೆದು, ಹೊಸದಾಗಿ ಬಂದಿದ್ದ ಗ್ಲೂಕೋಸ್ ಹಾಕಿ ಅಗರ್ ಬೇಯಿಸಿ, ನಾಲ್ಕು ಟ್ಯೂಬಿನಲ್ಲಿ ಬೇಕರಿಯ ಯೀಸ್ಟನ್ನು ಗೆರೆ ಎಳೆದ. 'ಹಲಸು-17' ಚೀಟಿಗಳನ್ನು ಹಳೆಯ ಟ್ಯೂಬುಗಳಿಂದ ಬಿಡಿಸಿ ಒಣಗಿಸಿ ಇಟ್ಟುಕೊಂಡಿದ್ದ; ಅವನ್ನೇ ಅಂಟಿಸಿದ. ಎರಡೇ ದಿನದಲ್ಲಿ ದಪ್ಪ ಕೆನೆ ಬಂತು. ಮೇಡಂ ಟ್ಯೂಬನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ನಿಮ್ಮ ಕೈಗುಣ ದೊಡ್ಡದು," ಎಂದರು. ಅವನು ಸಿಂಕಿನ ಕಡೆಗೆ ತಿರುಗಿ ನಲ್ಲಿ ಬಿಟ್ಟ.

ಇದು ಇಲ್ಲಿಗೇ ನಿಂತಿದ್ದರೆ ಅವನು ಆ ಸುಳ್ಳನ್ನು ಹೊತ್ತುಕೊಂಡೇ ನಿವೃತ್ತನಾಗುತ್ತಿದ್ದ. ಜುಲೈ ಮೂವತ್ತೊಂದಕ್ಕೆ ಅವನ ಸೇವೆ ಮುಗಿಯುತ್ತಿತ್ತು. ಆದರೆ ಜೂನ್‌ನಲ್ಲಿ ಮೇಡಂ, ಮನೆಗೆ ಬೇಗ ಹೋಗಿ ಮಾಡುವುದೇನೂ ಇಲ್ಲದೆ, ಧಾರವಾಡದ ಹಳೆಯ ನೋಟ್‌ಬುಕ್ ಹೊರತೆಗೆದರು. ಹನ್ನೊಂದು ವರ್ಷ ಯೀಸ್ಟನ್ನು ಬದುಕಿಸಿಡುವುದೇ ಆಗಿತ್ತು, ಪ್ರಯೋಗ ಮಾಡಿರಲಿಲ್ಲ. ಈಗ ಎರಡು ಗಾಜಿನ ತಟ್ಟೆಗಳಿಗೆ ಅಗರ್ ಹೊಯ್ದರು. ಒಂದರ ಮೇಲೆ ಗ್ಲೂಕೋಸ್ ಎಂದೂ ಇನ್ನೊಂದರ ಮೇಲೆ ಸಕ್ಕರೆ ಎಂದೂ ಬರೆದರು.

"ನೋಡ್ತಿರಿ," ಎಂದರು ಅವನಿಗೆ. "ಇದರಲ್ಲಿ ಬೆಳೆಯುತ್ತೆ. ಈ ಸಕ್ಕರೆ ತಟ್ಟೆಯಲ್ಲಿ ಒಂದು ಚುಕ್ಕೆನೂ ಬರಲ್ಲ. ಆ ಕಿಣ್ವ ಇಲ್ಲದೆ ಇದು ಮನೆ ಸಕ್ಕರೆ ತಿನ್ನಲಾರದು."

ಹುಚ್ಚರಾಯಪ್ಪನ ಕೈಯಲ್ಲಿದ್ದ ಟ್ಯೂಬು ಜಾರಿ ಒಡೆಯಿತು.

"ಅಯ್ಯೋ, ನಿಮ್ಮ ಕೈಯಿಂದಲೂ ಗಾಜು ಒಡೆಯುತ್ತಾ!" ಎಂದು ಮೇಡಂ ನಕ್ಕರು. ಅವನು ಚೂರುಗಳನ್ನು ಆರಿಸುತ್ತಾ ಬಹಳ ಹೊತ್ತು ನೆಲದ ಮೇಲೆಯೇ ಕೂತಿದ್ದ. ಐದು ಅಚ್ಚು. ಎರಡು ಬಸವ, ಎರಡು ಕಳಸ, ಒಂದು ಗಿಳಿ.

ಎರಡು ದಿನದ ಮೇಲೆ ಎರಡು ತಟ್ಟೆಯಲ್ಲೂ ಯೀಸ್ಟ್ ಬೆಳೆದಿತ್ತು. ಸಕ್ಕರೆಯದರಲ್ಲಿ ಒಂದು ಕೈ ಹೆಚ್ಚೇ. ಮೇಡಂ ಏನೋ ತಪ್ಪಾಗಿರಬೇಕೆಂದು ಮತ್ತೆ ಮಾಡಿದರು. ಮತ್ತೆ ಅದೇ ಆಯಿತು. ಮೂರನೆಯ ಸಲ ತಟ್ಟೆಯ ಮುಚ್ಚಳ ತೆಗೆದು ನೋಡಿದಾಗ ಅವರ ಮುಖದಲ್ಲಿ ಕಂಡ ಬೆಳಕನ್ನು ಹುಚ್ಚರಾಯಪ್ಪ ಜೀವಮಾನದಲ್ಲಿ ಮರೆಯುವ ಹಾಗಿರಲಿಲ್ಲ.

"ಹುಚ್ಚರಾಯಪ್ಪ, ಇಲ್ಲಿ ಬನ್ನಿ. ಇದು ಬೇರೆ ದಾರಿ ಹುಡುಕಿಕೊಂಡಿದೆ. ಅದೊಂದು ಕಿಣ್ವ ಇಲ್ಲದಿದ್ದರೂ ತಿನ್ನೋದು ಕಲಿತಿದೆ. ಇಷ್ಟು ವರ್ಷ ಫ್ರಿಜ್‌ನಲ್ಲಿ ಸುಮ್ಮನೆ ಕೂತು... ನಿಮಗೆ ಗೊತ್ತಾಗ್ತಿದೆಯಾ, ಇದೇನು ಅಂತ?"

"ಒಳ್ಳೇದೇನ್ರಿ ಮೇಡಂ?"

"ಒಳ್ಳೇದಾ! ಇದು ನಿಜವಾದರೆ ನನ್ನ ಪ್ರಬಂಧ ಎದ್ದು ಕೂರುತ್ತೆ."

ಆವತ್ತು ಅವರು ತಿಂಗಳುಗಳ ನಂತರ ಊಟದ ಡಬ್ಬಿ ಪೂರ್ತಿ ಖಾಲಿ ಮಾಡಿದರು. ಮುಂದಿನ ವಾರಗಳಲ್ಲಿ ಸೀರೆಯ ಬಣ್ಣ ಮರಳಿತು, ಹುಡುಗರನ್ನು ಗದರುವ ದನಿ ಮರಳಿತು. ಸಂಜೆ ಸೊರಬದ ಬಸ್ಸು ಬರುವ ತನಕ ಬರೆಯುತ್ತಾ ಕೂರುತ್ತಿದ್ದರು. ಬೆಂಗಳೂರಿನಲ್ಲಿ ದೊಡ್ಡ ಪ್ರಯೋಗಾಲಯ ನಡೆಸುತ್ತಿದ್ದ ಹಳೆಯ ಸಹಪಾಠಿ ಪ್ರಿಯಂವದಾಗೆ ಫೋನು ಮಾಡಿದರು. ಟ್ಯೂಬು ಕಳಿಸು, ಅದರ ವಂಶವಾಹಿಯ ಬರಹವನ್ನೆಲ್ಲ ಓದಿಸೋಣ ಎಂದಳಂತೆ ಆಕೆ. ಜುಲೈ ಮೂರನೆಯ ಸೋಮವಾರ ಕೊರಿಯರಿಗೆ ಕೊಡುವುದೆಂದಾಯಿತು.

ಹುಚ್ಚರಾಯಪ್ಪನಿಗೆ ಊಟ ಸೇರಲಿಲ್ಲ. ದಿನವೂ ಹೇಳಬೇಕೆಂದು ಬರುವನು. ಮೇಡಂ ತಲೆ ಎತ್ತಿ ನಗುವರು. ಆ ನಗು ತನ್ನ ಸುಳ್ಳಿನಿಂದ ಬಂದದ್ದು; ಅದನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು? ಹೇಳದಿದ್ದರೆ ಬೆಂಗಳೂರಿನವರು ಹೇಳುತ್ತಾರೆ, ಇದು ಬೇಕರಿಯ ಯೀಸ್ಟು ಎಂದು. ನಾಲ್ಕು ಜನ ವಿದ್ವಾಂಸರ ಮುಂದೆ. ಆ ಶುಕ್ರವಾರ ಮೇಡಂ ಟ್ಯೂಬಿಗೆ ಬಿರಡೆ ಹಾಕಲು ಅವನ ಕೈಗೆ ಕೊಡುತ್ತಾ, "ಲೇಖನ ಅಂತ ಆದರೆ ಕೊನೆಯಲ್ಲಿ ನಿಮ್ಮ ಹೆಸರು ಹಾಕ್ತೀನಿ," ಎಂದರು. "ಆ ಫೆಬ್ರವರಿಯಲ್ಲಿ ನೀವಿಲ್ಲದಿದ್ದರೆ ಇದೆಲ್ಲಿ ಉಳೀತಿತ್ತು?"

ಭಾನುವಾರ ಬೆಳಿಗ್ಗೆ ಅವನು ಭರಣಿಯಲ್ಲಿ ಉಳಿದಿದ್ದ ಗಿಳಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದ. ಕಿಟಕಿಯ ಗಾಜು ದಾರಿಯುದ್ದಕ್ಕೂ ಗಡಗಡ ಎನ್ನುತ್ತಿತ್ತು. ಮೊಟಕು ನಾದ, ಎಲ್ಲೋ ಬಿರುಕಿದೆ ಎಂದುಕೊಂಡ.

ಮೇಡಂ ಕಾಫಿ ತಂದಿಟ್ಟು, "ಇದೇನು ಇಷ್ಟು ದೂರ? ನಾಳೆ ಸಿಗ್ತಿದ್ನಲ್ಲ," ಎಂದರು. ಅವನು ಕುರ್ಚಿಯಲ್ಲಿ ಕೂರಲಿಲ್ಲ. ಕರವಸ್ತ್ರ ಬಿಚ್ಚಿ ಗಿಳಿಯನ್ನು ಮೇಜಿನ ಮೇಲಿಟ್ಟ.

"ಮೇಡಂ, ಹಲಸು ಸತ್ತೋಗೇತ್ರಿ."

ಅವರು ಗಿಳಿಯನ್ನೂ ಅವನನ್ನೂ ನೋಡಿದರು.

"ಫೆಬ್ರವರಿಯಾಗೇ ಸತ್ತೈತಿ. ನಾನೇ... ಗ್ಲೂಕೋಸ್ ಮುಗಿದಿತ್ರಿ. ಹಾಲಮ್ಮ ಮಾಡಿದ್ದು ಇಂಥವು ಐದಿದ್ವು. ಅವನ್ನು ಕುಟ್ಟಿ ಹಾಕಿದೆ. ಶುದ್ಧ ಸಕ್ಕರೆ, ಚೆನ್ನಾಗಿ ತಿಂತೈತಿ ಅಂತ. ಏಳಲಿಲ್ಲ. ನೀವು ಬಂದು ಬಾಗಿಲಾಗ ನಿಂತು ಕೇಳಿದ್ರಿ. ನನಗೆ ಹೇಳಾಕ ಆಗಲಿಲ್ಲ. ಈಗಿರೋದು ವೀರೇಶನ ಬೇಕರಿದು."

ಒಳಗೆ ಕುಕ್ಕರ್ ಕೂಗಿತು. ಮೇಡಂ ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ಎದ್ದು ಹೋಗಿ ಒಲೆ ಆರಿಸಿ ಬಂದರು.

"ಎಷ್ಟು ದಿನ ನೋಡಿದ್ರಿ?" ಎಂದು ಕೇಳಿದರು. ದನಿ ಪರೀಕ್ಷೆಯ ಮೇಲ್ವಿಚಾರಕರ ದನಿಯಂತಿತ್ತು.

"ಇಪ್ಪತ್ತು ದಿನ."

"ಹಳೇ ಟ್ಯೂಬು?"

"ತೊಳೆದುಬಿಟ್ಟಿದ್ದೆ."

"ಒಂದೂ ಇಲ್ವಾ?"

"ಇಲ್ರಿ."

ಅವರು ಗಿಳಿಯ ಬೆನ್ನ ಮೇಲೆ ಬೆರಳಿಟ್ಟರು. "ಗ್ಲೂಕೋಸ್ ಇರೋವರೆಗೂ ಆ ಕಿಣ್ವ ಮಲಗಿರುತ್ತೆ, ಹುಚ್ಚರಾಯಪ್ಪ. ಅದು ಮುಗೀತು ಅನ್ನೋವಾಗ ಎದ್ದು, ಬೇರೆ ಸಕ್ಕರೆಗಳಿಗೆ ಒಂದೊಂದೇ ಬಾಗಿಲು ತೆಗೆಸುತ್ತೆ. ಇದರಲ್ಲಿ ತೆಗೆಸೋರು ಯಾರೂ ಇರಲಿಲ್ಲ. ನೀವು ಹಾಕಿದ್ದು ಸುತ್ತ ತುಂಬಿಕೊಂಡಿತ್ತು. ಅದರ ನಡುವೆ ಹಸಿದು ಸತ್ತಿದೆ." ಸ್ವಲ್ಪ ತಡೆದು, "ಹನ್ನೊಂದು ವರ್ಷದಲ್ಲಿ ನಾನು ನಿಮಗೆ ಇದನ್ನ ಒಂದು ದಿನ ಬಿಡಿಸಿ ಹೇಳಲಿಲ್ಲ," ಎಂದರು.

"ಹಾಲಮ್ಮಂದೂ ಹಂಗೇ ಆತ್ರಿ," ಎಂದ ಹುಚ್ಚರಾಯಪ್ಪ. ಆಮೇಲೆ, ಇಷ್ಟು ದಿನ ಯಾರಿಗೂ ಹೇಳದಿದ್ದ ಆ ಮಧ್ಯಾಹ್ನದ ಲೋಟದ ವಿಷಯವನ್ನು ನಿಂತಲ್ಲೇ ಹೇಳಿದ. ಮೂರು ಚಮಚ ಎಂದು ಬೆರಳು ತೋರಿಸಿದ. "ಆ ಡಬ್ಬಿ ಮುಟ್ಟಾಕ ಆಗದೇ ಇದನ್ನ ಹಾಕಿದ್ದು. ನನ್ನ ಕೈಯಿಂದನೇ ಅವಳು ಹೋದ್ಲೇನ್ರಿ ಮೇಡಂ? ನೀವು ಓದಿದೋರು. ಹೇಳ್ರಿ."

ನರ್ಮದಾ ಮೇಡಂ ಗಿಳಿಯ ಮೇಲಿಂದ ಬೆರಳು ತೆಗೆದರು. ಇಲ್ಲ ಎಂದು ಅವರು ಹೇಳಲಿ ಎಂದು ಅವನ ಇಡೀ ಮೈ ಕಾಯುತ್ತಿತ್ತು.

"ನಂಗೆ ಗೊತ್ತಿಲ್ಲ," ಎಂದರು ಕೊನೆಗೆ. "ಅಷ್ಟು ಹೊತ್ತಿಗೇ ಅವರ ಮೈ ಸೋತಿತ್ತು. ಒಂದು ಲೋಟದಿಂದಲೇ ಆಯ್ತು ಅಂತ ಯಾರೂ ಹೇಳಲಾರರು. ಆಗಲಿಲ್ಲ ಅಂತಲೂ ನಾನು ಹೇಳಲಾರೆ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಎಲ್ಲರೂ ನಂಗೆ ನಾಳೆ ಎದ್ದು ಕೂರ್ತಾರೆ ಅಂತ ಹೇಳಿದರು. ನಾನು ನಂಬಿದೆ. ನಮ್ಮ ಯಜಮಾನರ ಹತ್ತಿರ ಆಡಬೇಕಾಗಿದ್ದ ಮಾತನ್ನೆಲ್ಲ ನಾಳೆಗೆ ಇಟ್ಟುಕೊಂಡೆ." ದನಿ ಅಲ್ಲಿ ಮೊದಲ ಸಲ ಒಡೆಯಿತು. "ನೀವೂ ಆ ನೆಂಟರ ಹಾಗೇ ಮಾಡಿದ್ರಲ್ಲ."

ಅವನು ಕೈ ಮುಗಿದ. ಮೇಡಂ ಬಾಗಿಲ ತನಕ ಬರಲಿಲ್ಲ. ಗಿಳಿ ಮೇಜಿನ ಮೇಲೆಯೇ ಉಳಿಯಿತು.

ಸೋಮವಾರ ಅವರು ಪ್ರಿಯಂವದಾಗೆ ಫೋನು ಮಾಡಿ ಎರಡೇ ಮಾತಿನಲ್ಲಿ ಮುಗಿಸಿದರು. ನಾಲ್ಕು ಟ್ಯೂಬುಗಳನ್ನೂ ಸಿಂಕಿನ ಪಕ್ಕಕ್ಕೆ ತಂದಿಟ್ಟು, "ಇವನ್ನು ತೊಳೆದುಬಿಡಿ," ಎಂದರು. ಹುಚ್ಚರಾಯಪ್ಪ ಕುದಿಸಿದ, ತೊಳೆದ. 'ಹಲಸು-17' ಚೀಟಿಗಳು ಬಿಸಿ ನೀರಿನಲ್ಲಿ ಬಿಟ್ಟುಕೊಂಡು ತೇಲಿದವು. ಶಾಯಿ ಹರಡಿ ನೀರು ನೀಲಿಯಾಯಿತು. ಟ್ಯೂಬುಗಳನ್ನು ಕಿವಿಗೆ ಹಿಡಿದು ತಟ್ಟಿದ. ನಾಲ್ಕೂ ಗಟ್ಟಿ ಇದ್ದವು.

ಮುಂದಿನ ಎರಡು ವಾರ ಕೆಲಸದ ಮಾತಿಗಿಂತ ಹೆಚ್ಚು ಅವರು ಆಡಲಿಲ್ಲ. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಶಾಲು ಹೊದಿಸಿದರು, ಹುಡುಗರು ಬಲೂನು ಕಟ್ಟಿದ್ದರು, ವೀರೇಶ ಕೇಕು ಕಳಿಸಿದ್ದ. ಮೇಡಂ ಹಿಂದಿನ ಸಾಲಿನಲ್ಲಿ ಕೂತಿದ್ದು, ಭಾಷಣಗಳು ಮುಗಿಯುವ ಮೊದಲೇ ಎದ್ದು ಸೊರಬದ ಬಸ್ಸಿಗೆ ಹೋದರು.

ನಿವೃತ್ತನಾದ ಮೇಲೆ ಹುಚ್ಚರಾಯಪ್ಪ ಹೆಚ್ಚು ಹೊರಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಲೋಟ ತೊಳೆದರೂ ಕಿವಿಗೆ ಹಿಡಿಯುತ್ತಿದ್ದನಂತೆ. ದೀಪಾವಳಿಗೆ ಆನವಟ್ಟಿಯಿಂದ ಬಂದ ಚೈತ್ರಶ್ರೀ, "ಏನಪ್ಪಾ ಇದು, ಸ್ಟೀಲಿನ ಲೋಟ!" ಎಂದು ನಗಿಸಲು ನೋಡಿದಳು. ಆ ಸಲ ಅವನು ಅವಳನ್ನು ಎದುರಿಗೆ ಕೂರಿಸಿಕೊಂಡು ಅವಳ ಅವ್ವನಿಗೆ ಕುಡಿಸಿದ ಲೋಟದ ವಿಷಯ ಹೇಳಿದ. ಅವಳು ಅತ್ತಳು. ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಆದರೆ ಅವತ್ತು ಸಂಜೆಯೂ ಅಪ್ಪನಿಗೆ ರೊಟ್ಟಿ ತಟ್ಟಿ ಕೊಟ್ಟಳು.

ಸಂಕ್ರಾಂತಿ ಹತ್ತಿರ ಬಂತು. ಎಳ್ಳು-ಬೆಲ್ಲದ ತಟ್ಟೆ ಹಿಡಿದು ಮನೆಮನೆಗೆ ಹೋಗುವುದು ಮುತ್ತೈದೆಯರ ಕೆಲಸ. ಗಂಡ ತೀರಿದ ವರ್ಷ ಹೆಂಡತಿಯ ಬಾಗಿಲಿಗೆ ಯಾರೂ ತಟ್ಟೆ ತರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಟ್ಟದಿಂದ ಹಾಲಮ್ಮನ ಮರದ ಅಚ್ಚುಗಳನ್ನು ಇಳಿಸಿದ. ಸಕ್ಕರೆ ಕುದಿಸಿ ಹಾಲು ಬಿಟ್ಟ. ಮೊದಲ ಸಲ ಸೀದಿತು. ಎರಡನೆಯ ಸಲ ಪಾಕ ಅಚ್ಚಿಗೇ ಕಚ್ಚಿಕೊಂಡಿತು. ಮೂರನೆಯ ಸಲ ಎರಡು ಗಿಳಿ ಬಂದವು. ಮಾಸಲು ಬಣ್ಣ, ಒಂದಕ್ಕೆ ಕೊಕ್ಕಿಲ್ಲ.

ಹಬ್ಬದ ಮಧ್ಯಾಹ್ನ ಸೊರಬದ ಆ ಬೀದಿಯಲ್ಲಿ ಹೊಸ ಸೀರೆಯ ಹೆಂಗಸರು, ಹುಡುಗಿಯರು ತಟ್ಟೆ ಹಿಡಿದು ಓಡಾಡುತ್ತಿದ್ದರು. ಒಂದು ಮನೆಯ ಬಾಗಿಲು ಮಾತ್ರ ಮುಂದೆ ಮಾಡಿತ್ತು. ಪೊಟ್ಟಣ ಹಿಡಿದ ಮುದುಕನೊಬ್ಬ ಆ ಬಾಗಿಲು ತಟ್ಟಿದ್ದನ್ನು ಎದುರುಮನೆಯವರು ನಿಂತು ನೋಡಿದರು.

ಮೇಡಂ ಬಾಗಿಲು ತೆಗೆದರು. ಕೂದಲು ಬೆಳ್ಳಗಾಗಿತ್ತು. ಅವನು ಪೊಟ್ಟಣ ಚಾಚಿದ. ಅವರು ಅಲ್ಲೇ ಹೊಸ್ತಿಲ ಮೇಲೆ ನಿಂತು ಬಿಚ್ಚಿದರು.

"ಬೆಳ್ಳಗಾಗಿಲ್ಲ," ಎಂದರು.

"ಇಲ್ರಿ ಮೇಡಂ. ಕೊಳೆ ಪೂರಾ ಹೋಗಲಿಲ್ಲ. ಅವಳ ಹದ ನನಗೆ ಬರಂಗಿಲ್ಲ."

ಒಳಗೆ, ಪುಸ್ತಕದ ಕಪಾಟಿನ ಗಾಜಿನ ಹಿಂದೆ, ಹಾಲಮ್ಮನ ಗಿಳಿ ಇತ್ತು. ಅದನ್ನು ನೋಡಿ ಹುಚ್ಚರಾಯಪ್ಪ ತಲೆ ತಗ್ಗಿಸಿದ. ಮೇಡಂ ಕೊಕ್ಕಿಲ್ಲದ ಗಿಳಿಯನ್ನು ಅಂಗೈಯಲ್ಲಿ, ಹಿಂದೆ ಟ್ಯೂಬು ಹಿಡಿಯುತ್ತಿದ್ದ ಹಾಗೆ, ಹಿಡಿದುಕೊಂಡಿದ್ದರು. ಆಮೇಲೆ ಅದರ ಬಾಲ ಮುರಿದು ಬಾಯಿಗೆ ಹಾಕಿಕೊಂಡರು.

"ಸ್ವಲ್ಪ ಸೀದಿದೆ," ಎಂದರು.

"ಹೌದ್ರಿ."

"ಒಳಗೆ ಬನ್ನಿ. ಬಸ್ಸಿಗೆ ಇನ್ನೂ ಹೊತ್ತಿದೆ," ಎಂದು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು.